ಗಿಡ ಸಿಕ್ಕಿತು, ಹಣ ಸಿಗಲಿಲ್ಲ

ಶಿವಮೊಗ್ಗ ಜಿಲ್ಲೆಯ ಗಾಂಜಾ ಪ್ರಕರಣಗಳ ಸುದ್ದಿ ಬಹುಮಟ್ಟಿಗೆ ಒಂದೇ ಅಚ್ಚಿನದು. ಮೆಕ್ಕೆಜೋಳದ ಸಾಲಿನ ನಡುವೆಯೋ ಶುಂಠಿ ಹೊಲದ ಅಂಚಿನಲ್ಲೋ ಹಸಿ ಗಿಡ, ಇಷ್ಟು ಕೆ.ಜಿ. ತೂಕ, ಇಷ್ಟು ಅಂದಾಜು ಬೆಲೆ. ಭದ್ರಾವತಿಯದಾದರೆ ಓಲ್ಡ್ ಟೌನ್, ನ್ಯೂ ಟೌನ್ ಅಥವಾ ಪೇಪರ್ ಟೌನ್ ಠಾಣೆಯ ಹೆಸರು. (ಕಾಗದ ಕಾರ್ಖಾನೆ ಸದ್ದಡಗಿ ವರ್ಷಗಳಾದವು, ಠಾಣೆ ಮಾತ್ರ ಆ ಹೆಸರು ಬಿಟ್ಟಿಲ್ಲ.) ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸಾಲು ಅಲ್ಲಿ ಅಪರೂಪ. ಇದಕ್ಕೆ ಇಲ್ಲಿನ ಪೊಲೀಸರನ್ನಷ್ಟೇ ದೂರಿ ಫಲವಿಲ್ಲ. ಮಾದಕವಸ್ತು ನಿಯಂತ್ರಣದ ಅಂತರರಾಷ್ಟ್ರೀಯ ಕಾನೂನು ಬೆಳೆದದ್ದೇ ಹಾಗೆ: ಮೊದಲು ಸರಕು, ಬಹಳ ತಡವಾಗಿ ಹಣ.

1893–94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಭಾರತೀಯ ಸೆಣಬು ಮಾದಕಗಳ ಆಯೋಗ ಗಾಂಜಾವನ್ನು ಪೂರ್ತಿ ನಿಷೇಧಿಸುವುದು ಬೇಡ, ಪರವಾನಗಿ ಮತ್ತು ತೆರಿಗೆಯಿಂದ ಹಿಡಿತದಲ್ಲಿಡಿ ಎಂದಿತ್ತು. ಅಬಕಾರಿ ಖಜಾನೆಗೂ ಅದೇ ಹಿತ. 1909ರ ಶಾಂಘೈ ಸಭೆ, 1912ರ ಹೇಗ್ ಒಪ್ಪಂದಗಳ ಚಿಂತೆಯೆಲ್ಲ ಮುಖ್ಯವಾಗಿ ಅಫೀಮಿನದು. ಗಾಂಜಾ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ್ದು 1925ರ ಜಿನೀವಾ ಒಪ್ಪಂದದಲ್ಲಿ. 1961ರ ಏಕ ಒಪ್ಪಂದ ಹಳೆಯವನ್ನೆಲ್ಲ ಒಟ್ಟುಗೂಡಿಸಿ, ವೈದ್ಯಕೀಯವಲ್ಲದ ಗಾಂಜಾ ಬಳಕೆಯನ್ನು ಕೊನೆಗಾಣಿಸಲು 25 ವರ್ಷಗಳ ಗಡುವು ಕೊಟ್ಟಿತು. ಭಾರತ ಆ ಗಡುವಿನ ಕೊನೆಯ ಹೊತ್ತಿಗೆ ಎಚ್ಚೆತ್ತಿತು. 1985ರ ನವೆಂಬರ್ 14ರಂದು ಎನ್‌ಡಿಪಿಎಸ್ (ಮಾದಕ ಮತ್ತು ಮನೋಪ್ರಭಾವಿ ವಸ್ತುಗಳ) ಕಾಯ್ದೆ ಜಾರಿಗೆ ಬಂತು. ಹಿಂದಿನ ಅಪಾಯಕಾರಿ ಮಾದಕಗಳ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಗರಿಷ್ಠ ಮೂರು ವರ್ಷವಿದ್ದ ಶಿಕ್ಷೆ ಇಪ್ಪತ್ತು ವರ್ಷದವರೆಗೂ ಏರಿತು.

1961ರ ಒಪ್ಪಂದದಲ್ಲಿ ನಮ್ಮವರು ಬಿಡಿಸಿಕೊಂಡ ಒಂದು ಎಳೆ ಇಂದಿಗೂ ಕೋರ್ಟಿನಲ್ಲಿ ಜೀವಂತ. ಗಾಂಜಾ ಎಂದರೆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ; ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. ಹಬ್ಬದ ಭಂಗಿ ಉಳಿದದ್ದು ಈ ಕಿಂಡಿಯಲ್ಲಿ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಪ್ರಕರಣವೊಂದರಲ್ಲಿ ಭಂಗಿ ಈ ಕಾಯ್ದೆಯಡಿ ನಿಷೇಧಿತ ಮಾದಕವಲ್ಲ ಎಂದದ್ದೂ ಇದೇ ದಾರಿಯಲ್ಲಿ. ಹೊಲದಲ್ಲಿ ಬೇರುಸಹಿತ ಕಿತ್ತ ಹಸಿ ಗಿಡವನ್ನು ಕಾಂಡ, ಎಲೆ, ಮಣ್ಣು ಎಲ್ಲ ಸೇರಿಸಿ ತೂಗಿದರೆ ತಕರಾರು ಶುರು: ಇದರಲ್ಲಿ ಗಾಂಜಾ ಎಷ್ಟು? ಒಂದು ಕೆ.ಜಿ.ಯೊಳಗೆ ಅಲ್ಪ ಪ್ರಮಾಣ, ಇಪ್ಪತ್ತು ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ. ಒಂದರಲ್ಲಿ ವರ್ಷದೊಳಗಿನ ಸಜೆ, ಇನ್ನೊಂದರಲ್ಲಿ ಕನಿಷ್ಠ ಹತ್ತು ವರ್ಷ. ಬೆಳೆಸಿದ ಆರೋಪಕ್ಕೆ ಮಾತ್ರ ಈ ತಕ್ಕಡಿ ಇಲ್ಲ. ಎರಡು ಗಿಡವಾದರೂ ಇನ್ನೂರಾದರೂ ಗರಿಷ್ಠ ಹತ್ತು ವರ್ಷ.

ಹೊಲ ಬಿಟ್ಟು ಮನೆಯೊಳಗೂ ಗಿಡ ಬಂದಿದೆ. ಶಿವಮೊಗ್ಗ ನಗರದ ಬಾಡಿಗೆ ಮನೆಯೊಂದರಲ್ಲಿ ಟೆಂಟು, ಎಲ್‌ಇಡಿ ದೀಪ, ಫ್ಯಾನು ಇಟ್ಟು ಗಾಂಜಾ ಬೆಳೆದ ಆರೋಪದಲ್ಲಿ 2023ರ ಜೂನ್‌ನಲ್ಲಿ ಸಿಕ್ಕಿಬಿದ್ದವರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿದ್ದರು. ಬಡತನ, ಮುಚ್ಚಿದ ಕಾರ್ಖಾನೆ ಎಂದು ಎಲ್ಲಕ್ಕೂ ಒಂದೇ ಕಾರಣ ಹೇಳುವವರಿಗೆ ಈ ಪ್ರಕರಣ ಕಿರಿಕಿರಿಯೇ.

ಇನ್ನು ಹಣದ ಮಾತು. 1988ರ ವಿಯೆನ್ನಾ ಒಪ್ಪಂದ ಮಾದಕ ವ್ಯಾಪಾರದ ಗಳಿಕೆಯನ್ನು ಬಿಳಿ ಮಾಡುವುದೇ ಅಪರಾಧ ಎಂದಿತು. ಬ್ಯಾಂಕಿನ ಗೋಪ್ಯತೆಯ ನೆಪವೊಡ್ಡಿ ಮಾಹಿತಿ ನಿರಾಕರಿಸುವಂತಿಲ್ಲ ಎಂದಿತು. ಮರುವರ್ಷ ಜಿ-7 ದೇಶಗಳು ಪ್ಯಾರಿಸ್‌ನಲ್ಲಿ ಎಫ್‌ಎಟಿಎಫ್ ಎಂಬ, ಅಕ್ರಮ ಹಣದ ಮೇಲೆ ಕಣ್ಣಿಡುವ ಕಾರ್ಯಪಡೆ ಕಟ್ಟಿದವು. 1990ರಲ್ಲಿ ಅದರ ನಲವತ್ತು ಶಿಫಾರಸು ಬಂದವು. ನಮ್ಮ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ 2002ರದು, ಜಾರಿಯಾದದ್ದು 2005ರ ಜುಲೈ 1ರಂದು. 2010ರಲ್ಲಿ ಭಾರತ ಎಫ್‌ಎಟಿಎಫ್ ಸದಸ್ಯತ್ವ ಪಡೆಯಿತು. ದೊಡ್ಡ ಬ್ಯಾಂಕುಗಳಿಗೆ ಈ ವ್ಯವಸ್ಥೆಯ ಬಿಸಿ ತಟ್ಟಿದ್ದುಂಟು: ಮೆಕ್ಸಿಕೊ ಜಾಲಗಳ ಹಣ ಹರಿಯಗೊಟ್ಟ ಆರೋಪದಲ್ಲಿ ಎಚ್‌ಎಸ್‌ಬಿಸಿ 2012ರಲ್ಲಿ ಅಮೆರಿಕಕ್ಕೆ 190 ಕೋಟಿ ಡಾಲರ್ ತೆತ್ತಿತು. ನಮ್ಮಲ್ಲಿ ಹತ್ತು ಲಕ್ಷ ಮೀರಿದ ನಗದು ವಹಿವಾಟನ್ನು ಬ್ಯಾಂಕು ವರದಿ ಮಾಡಬೇಕು. ಆದರೆ ಪೊಟ್ಟಣದ ಲೆಕ್ಕದಲ್ಲಿ ಮಾರುವ ಮಾಲಿನ ದುಡ್ಡು ಐನೂರು, ಸಾವಿರದ ತುಣುಕುಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಆ ಜರಡಿಯ ಕಣ್ಣು ಇದಕ್ಕೆ ತೀರಾ ದೊಡ್ಡದು.

2024ರ ಸೆಪ್ಟೆಂಬರ್‌ನಲ್ಲಿ ಎಫ್‌ಎಟಿಎಫ್ ಪ್ರಕಟಿಸಿದ ಭಾರತದ ಮೌಲ್ಯಮಾಪನ ಒಟ್ಟಾರೆ ಮೆಚ್ಚುಗೆಯದು. ಆದರೂ ಅದು ಎತ್ತಿದ ಕೊರತೆಗಳಲ್ಲಿ ಇವೆರಡಿವೆ: ವಿಚಾರಣೆಗಳು ತೀರಾ ನಿಧಾನ, ಹಣದ ತನಿಖೆ ವಂಚನೆಯ ಬೆನ್ನು ಹತ್ತಿದಷ್ಟು ಮಾದಕ ಸಾಗಣೆಯ ಬೆನ್ನು ಹತ್ತುತ್ತಿಲ್ಲ.

ಹಣದ ಬೆನ್ನು ಹತ್ತಲು ಜಾರಿ ನಿರ್ದೇಶನಾಲಯವನ್ನೇ ಕಾಯಬೇಕಿಲ್ಲ ಎಂಬುದು ನನ್ನ ವಾದ. 1989ರ ತಿದ್ದುಪಡಿ ಎನ್‌ಡಿಪಿಎಸ್‌ಗೆ ಸೇರಿಸಿದ 5ಎ ಅಧ್ಯಾಯದಲ್ಲಿ, ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಆರೋಪಿಯ ಅಕ್ರಮ ಆಸ್ತಿಯನ್ನು ಪತ್ತೆಹಚ್ಚಿ ತಡೆಹಿಡಿಯುವ ದಾರಿ ಠಾಣಾಧಿಕಾರಿಗೂ ತೆರೆದಿದೆ. ಆತ ಆದೇಶ ಹೊರಡಿಸಿದ 48 ಗಂಟೆಯೊಳಗೆ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕು, 30 ದಿನದೊಳಗೆ ಅದು ದೃಢಪಡಬೇಕು. ಇಲ್ಲದಿದ್ದರೆ ಆದೇಶ ಬಿದ್ದುಹೋಗುತ್ತದೆ. ಪಂಚನಾಮೆ, ಮಾದರಿ, ಪ್ರಯೋಗಾಲಯ ಎಂದು ಓಡಾಡುವ ಠಾಣೆಯಲ್ಲಿ ಈ ಗಡುವಿನೊಳಗೆ ಖಾತೆ ವಿವರ ತರಿಸಿ, ಪಹಣಿ ತೆಗೆಸಿ, ಜಮೀನು ಕೊಂಡ ದುಡ್ಡಿನ ಮೂಲ ಕೆದಕಲು ಲೆಕ್ಕ ಬಲ್ಲ ಒಬ್ಬ ಸಿಬ್ಬಂದಿಯಾದರೂ ಬೇಕು.