ಹಲಗಲಿಯ ಬೇಡರು

ಬಾದಾಮಿಯ ಚಾಲುಕ್ಯ ಶಾಸನಗಳನ್ನು ಓದಿ ಪ್ರಕಟಿಸಿದ ಫ್ಲೀಟ್ ಸಾಹೇಬರ ಹೆಸರನ್ನು ಈ ಪ್ರಾಂತದ ವಿದ್ಯಾವಂತರು ಬಲ್ಲರು. ಆ ಮಹಾಶಯರೇ ಕನ್ನಡದ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚುಹಾಕಿಸಿದರೆಂಬುದು ಅಷ್ಟಾಗಿ ಪ್ರಸಿದ್ಧವಲ್ಲ. ಅವುಗಳಲ್ಲೊಂದು, ಆಗ ಮುಧೋಳ ಸಂಸ್ಥಾನದಲ್ಲಿದ್ದು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಹಲಗಲಿಯ ಬೇಡರ ಲಾವಣಿ.

1857ರಲ್ಲಿ ಕಂಪನಿ ಸರಕಾರವು ಪ್ರಜೆಗಳ ಆಯುಧಗಳನ್ನು ಒಪ್ಪಿಸಿಕೊಳ್ಳುವ ಕಾನೂನನ್ನು ಹೊರಡಿಸಿತು. ಸಾಹುಕಾರನ ಮನೆಯಲ್ಲಿ ಕತ್ತಿಯು ಗೋಡೆಗೆ ಅಲಂಕಾರ. ಬೇಡನಿಗಾದರೋ ಅದೇ ಬೇಟೆ, ಅದೇ ಚಾಕರಿ, ಅದೇ ಕುಲದ ಮಾನ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಕೊಡೆವೆಂದು ನಿಂತರು. ಬೇಡರೆಲ್ಲರೂ ಅವರ ಬೆನ್ನಿಗೆ ನಿಂತರು. ಕರ್ನಲ್ ಮಾಲ್ಕಮನ ದಂಡು ಏರಿಬಂದು ನವೆಂಬರ್ 30ರಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರ ಪೈಕಿ 19 ಮಂದಿಗೆ ಗಲ್ಲಾಯಿತು: ಡಿಸೆಂಬರ್ 11ರಂದು ಮುಧೋಳದಲ್ಲಿ 13, 14ರಂದು ಹಲಗಲಿಯಲ್ಲಿಯೇ 6. ಮುಧೋಳದಲ್ಲಿ ಅಂದು ಸಂತೆಯ ದಿನ; ಅದು ಕಾಕತಾಳೀಯವೆಂದು ಯಾರು ನಂಬುವರು?

ಹಗೆಗಳ ಈ ಹಾಡನ್ನು ಅದೇ ಸರಕಾರದ ಅಧಿಕಾರಿಯೊಬ್ಬರು ಕಾಪಾಡಿದುದು ವಿಚಿತ್ರವೇ ಸರಿ. ಕಾದಾಟದ ವರ್ಣನೆ ಅದರಲ್ಲಿ ಲಾವಣಿಯ ವಾಡಿಕೆಯಂತೆಯೇ ಇದೆ. ಓದುವವನ ಕೊರಳು ಕಟ್ಟುವುದು ಲೂಟಿಯ ಭಾಗದಲ್ಲಿ. ದಂಡು ಹೊತ್ತೊಯ್ದ ಒಂದೊಂದು ವಸ್ತುವನ್ನೂ ಲಾವಣಿಕಾರನು ಎಣಿಸುತ್ತಾನೆ: ಬೆಣ್ಣೆ, ಉಪ್ಪು, ಅರಿಸಿನ, ಜೀರಿಗೆ, ಗಂಗಾಳ, ಚರಿಗೆ, ಹೆಂಗಸರ ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲು.