ಹಿತ್ತಲಿನ ಹೂವು, ಹತ್ತಿರದ ನೋಟ

ಮೊಂತಿ ಹಬ್ಬದ ನೊವೆನಾ ಶುರುವಾಯಿತೆಂದರೆ ನಮ್ಮ ಯುವಜನರ ಮೊಬೈಲ್ ತುಂಬ ಹೂಗಳ ಫೋಟೋಗಳೇ. ದಾಸವಾಳದ ತೀರ ಹತ್ತಿರ ಹೋಗಿ ತೆಗೆದರೆ ಕೇಸರದ ತುದಿ ಸ್ಪಷ್ಟ, ಹಿಂದಿನ ಎಸಳು ಮಸುಕು. ಇದು ಮೊಬೈಲಿನ ದೋಷವಲ್ಲ, ಮಸೂರದ ಸ್ವಭಾವ. ವಸ್ತು ಹತ್ತಿರವಾದಷ್ಟೂ ಸ್ಪಷ್ಟವಾಗಿ ಮೂಡುವ ಪದರ ತೆಳ್ಳಗಾಗುತ್ತದೆ. ಈ ತೆಳು ಪದರದೊಂದಿಗೆ ನೂರು ವರ್ಷಗಳ ಹಿಂದೆಯೇ ಸೆಣಸಿದವರಲ್ಲಿ ನಮಗೆ ತುಂಬ ಇಷ್ಟವಾದವರು ಅಮೆರಿಕದ ಇಮೋಜೆನ್ ಕನ್ನಿಂಗ್‌ಹ್ಯಾಮ್.

1883ರಲ್ಲಿ ಹುಟ್ಟಿದ ಅವರು ಓದಿದ್ದು ರಸಾಯನಶಾಸ್ತ್ರ. ಕಾಲೇಜಿನ ಖರ್ಚಿಗಾಗಿ ಸಸ್ಯಶಾಸ್ತ್ರದವರಿಗೆ ಸ್ಲೈಡ್‌ಗಳನ್ನು ಮಾಡಿಕೊಡುತ್ತಿದ್ದರು. (ನಮ್ಮ ಬಿಎಸ್ಸಿಯವರು ಗಮನಿಸಬೇಕು!) ಸಿಯಾಟಲ್‌ನಲ್ಲಿ ಸ್ವಂತ ಸ್ಟುಡಿಯೋ ನಡೆಸಿ ಹೆಸರು ಮಾಡಿದ್ದರು. ಮದುವೆಯಾಗಿ 1917ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಸ್ಟುಡಿಯೋ ಹೋಯಿತು. ಮನೆಯಲ್ಲಿ ಮೂವರು ಗಂಡುಮಕ್ಕಳು, ಅವರಲ್ಲಿಬ್ಬರು ಅವಳಿಗಳು. ಮಕ್ಕಳನ್ನು ಬಿಟ್ಟು ದೂರ ಹೋಗುವಂತಿರಲಿಲ್ಲ. ಹಾಗಾಗಿ ಕ್ಯಾಮರಾ ಮನೆಯ ತೋಟದ ಗಿಡಗಳ ಕಡೆಗೆ ತಿರುಗಿತು. 1925ರ ‘ಮ್ಯಾಗ್ನೋಲಿಯಾ ಬ್ಲಾಸಮ್’ ಚಿತ್ರದಲ್ಲಿ ಒಂದೇ ಹೂವು ಚೌಕಟ್ಟನ್ನೆಲ್ಲ ತುಂಬಿಕೊಂಡಿದೆ. ‘ಟು ಕ್ಯಾಲಾಸ್’ ಚಿತ್ರದಲ್ಲಂತೂ ಹಿಂದೆಲ್ಲ ಕತ್ತಲು, ಬೆಳಕು ಎರಡು ಬಿಳಿ ಹೂಗಳ ಮೇಲೆ ಮಾತ್ರ. ಮನೆಗೆಲಸದ ನಡುವೆ ತೆಗೆದ ಚಿತ್ರಗಳೆಂದು ಯಾರೂ ಹೇಳಲಾರರು. ನಮ್ಮ ತಾಯಂದಿರ ಪ್ರತಿಭೆ ಎಷ್ಟು ಹಿತ್ತಲುಗಳಲ್ಲಿ ಹೀಗೆ ಯಾರ ಕಣ್ಣಿಗೂ ಬೀಳದೆ ಉಳಿದಿದೆಯೋ!

ಅದೇ ಕಾಲಕ್ಕೆ ಜರ್ಮನಿಯಲ್ಲಿ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬ ಕಲಾಶಿಕ್ಷಕರು ತಾವೇ ಕಟ್ಟಿದ ಕ್ಯಾಮರಾದಲ್ಲಿ ಮೊಗ್ಗು, ಬಳ್ಳಿಗಳನ್ನು ಹಲವು ಪಟ್ಟು ಹಿಗ್ಗಿಸಿ ಸೆರೆಹಿಡಿಯುತ್ತಿದ್ದರು. ವಿದ್ಯಾರ್ಥಿಗಳಿಗೆ ಪಾಠ ಹೇಳಲೆಂದು ಮೂವತ್ತಕ್ಕೂ ಹೆಚ್ಚು ವರ್ಷ ಮಾಡಿದ ಕೆಲಸವದು. ಪುಸ್ತಕವಾಗಿ ಬಂದದ್ದು 1928ರಲ್ಲಿ, ಅವರ 63ನೇ ವಯಸ್ಸಿನಲ್ಲಿ. ಮರುವರ್ಷ ಸ್ಟುಟ್‌ಗಾರ್ಟ್‌ನ ದೊಡ್ಡ ಛಾಯಾಚಿತ್ರ ಪ್ರದರ್ಶನದಲ್ಲಿ ಇಬ್ಬರ ಚಿತ್ರಗಳೂ ಇದ್ದವು.

ಇಡೀ ಹೂವು ಸ್ಪಷ್ಟವಾಗಬೇಕಾದರೆ ಆಗ ಇದ್ದ ಮುಖ್ಯ ದಾರಿ ಮಸೂರದ ರಂಧ್ರವನ್ನು ಚಿಕ್ಕದು ಮಾಡುವುದು. 1932ರಲ್ಲಿ ಕನ್ನಿಂಗ್‌ಹ್ಯಾಮ್, ಆನ್ಸೆಲ್ ಆಡಮ್ಸ್ ಮೊದಲಾದವರು ಕಟ್ಟಿದ ತಂಡಕ್ಕೆ ‘ಎಫ್/64’ ಎಂಬ ಹೆಸರು ಬಂದದ್ದೂ ಇಂಥ ಚಿಕ್ಕ ರಂಧ್ರದ ಅಳತೆಯಿಂದಲೇ. ಆದರೆ ರಂಧ್ರ ಚಿಕ್ಕದಾದರೆ ಬೆಳಕು ಕಡಿಮೆ, ಹೆಚ್ಚು ಹೊತ್ತು ಕಾಯಬೇಕು. ಅತಿಯಾಗಿ ಚಿಕ್ಕದಾದರೆ ಬೆಳಕಿನ ವಿವರ್ತನೆಯಿಂದ ಚಿತ್ರವೇ ಮಂಕಾಗುತ್ತದೆ.

ಇಂದಿನ ‘ಫೋಕಸ್ ಸ್ಟ್ಯಾಕಿಂಗ್’ ಬೇರೆ ಉಪಾಯ ಹೂಡಿತು. ಕ್ಯಾಮರಾವನ್ನು ಸ್ಟ್ಯಾಂಡಿಗೆ ಬಿಗಿದು, ಫೋಕಸನ್ನು ಕೇಸರದಿಂದ ಹಿಂದಿನ ಎಸಳಿನವರೆಗೆ ಸ್ವಲ್ಪ ಸ್ವಲ್ಪವೇ ಸರಿಸುತ್ತ ಹತ್ತಿಪ್ಪತ್ತು ಚಿತ್ರ ತೆಗೆಯುವುದು. ಪ್ರತಿಯೊಂದರಲ್ಲೂ ಸ್ಪಷ್ಟವಾಗಿರುವ ಭಾಗವನ್ನಷ್ಟೇ ಆರಿಸಿ ತಂತ್ರಾಂಶ ಒಂದು ಚಿತ್ರ ಜೋಡಿಸುತ್ತದೆ. ಪಕ್ಕದಿಂದ ಒಂದೇ ದೀಪ, ಹಿಂದೆ ಕಪ್ಪು ಬಟ್ಟೆ ಇಟ್ಟರೆ ಎಸಳಿನ ನರಗಳೂ ಎದ್ದು ಕಾಣುತ್ತವೆ. ಗಾಳಿಗೆ ಮಾತ್ರ ಇನ್ನೂ ಮದ್ದಿಲ್ಲ. ನಡುವೆ ಒಮ್ಮೆ ಹೂವು ಅಲುಗಿದರೆ ಮತ್ತೆ ಮೊದಲ ಚಿತ್ರದಿಂದಲೇ ಶುರು.