ಭಾರತದ ಕ್ರಿಕೆಟ್ ಆಡಳಿತ: ಸಂಘದಿಂದ ಉದ್ಯಮಕ್ಕೆ

ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ (ಬಿಸಿಸಿಐ) 1928ರ ಡಿಸೆಂಬರ್‌ನಲ್ಲಿ ಸ್ಥಾಪನೆಯಾಯಿತು. ಗ್ರಾಂಟ್ ಗೋವನ್ ಮೊದಲ ಅಧ್ಯಕ್ಷರು, ಆಂಟನಿ ಡಿಮೆಲೊ ಮೊದಲ ಕಾರ್ಯದರ್ಶಿ. ಮಂಡಳಿ ಕಂಪನಿಯಾಗದೆ, ಸಂಘಗಳ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆಯಾಯಿತು. ಅರಸು ಮನೆತನದವರು, ವಕೀಲರು, ಉದ್ಯಮಿಗಳು ಸಂಬಳವಿಲ್ಲದೆ, ಗೌರವ ಹುದ್ದೆಗಳಲ್ಲಿ ಅದನ್ನು ನಡೆಸಿಕೊಂಡು ಬಂದರು.

ಈ ಪದ್ಧತಿ ಒಳ್ಳೆಯ ಫಲವನ್ನೂ ಕೊಟ್ಟಿತು. ಮಂಡ್ಯ ಮೂಲದ ವಕೀಲ ಎಂ. ಚಿನ್ನಸ್ವಾಮಿ ರಾಜ್ಯದ ಕ್ರಿಕೆಟ್ ಸಂಸ್ಥೆಯನ್ನು ದಶಕಗಳ ಕಾಲ ಕಟ್ಟಿ ಬೆಳೆಸಿದರು. ಅವರ ಶ್ರಮದಿಂದ ಬೆಂಗಳೂರಿನ ನಡುಭಾಗದಲ್ಲಿ ಎದ್ದುನಿಂತ ಕ್ರೀಡಾಂಗಣ 1974ರ ನವೆಂಬರ್‌ನಲ್ಲಿ ಮೊದಲ ಟೆಸ್ಟ್ ಪಂದ್ಯ ಕಂಡಿತು. 1977ರಿಂದ 1980ರವರೆಗೆ ಅವರು ಬಿಸಿಸಿಐ ಅಧ್ಯಕ್ಷರಾಗಿದ್ದರು. ಇಂದು ಆ ಕ್ರೀಡಾಂಗಣಕ್ಕೆ ಅವರದೇ ಹೆಸರಿದೆ.

ಆದರೆ ಮಂಡಳಿಯ ಬೊಕ್ಕಸ ಸಣ್ಣದಾಗಿತ್ತು. ಟಿಕೆಟ್ ಮಾರಾಟವೇ ಮುಖ್ಯ ಆದಾಯ. 1983ರಲ್ಲಿ ವಿಶ್ವಕಪ್ ಗೆದ್ದ ಆಟಗಾರರಿಗೆ ಬಹುಮಾನ ಕೊಡಲೂ ಹಣವಿಲ್ಲದೆ, ದೆಹಲಿಯಲ್ಲಿ ಲತಾ ಮಂಗೇಶ್ಕರ್ ಅವರ ಗಾಯನ ಕಾರ್ಯಕ್ರಮದಿಂದ ನಿಧಿ ಸಂಗ್ರಹಿಸಬೇಕಾಯಿತು. 1987ರಲ್ಲಿ ಭಾರತ ಮತ್ತು ಪಾಕಿಸ್ತಾನ ಜೊತೆಯಾಗಿ ನಡೆಸಿದ ವಿಶ್ವಕಪ್‌ಗೆ ರಿಲಯನ್ಸ್ ಪ್ರಾಯೋಜಕತ್ವ ಒದಗಿಸಿತು. ದೊಡ್ಡ ಉದ್ಯಮ ಸಂಸ್ಥೆಗಳು ಆಟಕ್ಕೆ ಹಣ ಹೂಡುತ್ತವೆ ಎಂಬುದು ಆಗ ಆಡಳಿತಗಾರರಿಗೆ ಮನವರಿಕೆಯಾಯಿತು.

ನಿಜವಾದ ಬದಲಾವಣೆ ತಂದದ್ದು ದೂರದರ್ಶನ ಪ್ರಸಾರ. ಅದುವರೆಗೆ ಪಂದ್ಯಗಳನ್ನು ತೋರಿಸುವ ಅಧಿಕಾರ ಸರ್ಕಾರಿ ವಾಹಿನಿಯದೊಂದೇ ಆಗಿತ್ತು. ಪ್ರಸಾರಕ್ಕೆ ಮಂಡಳಿಯೇ ಹಣ ಕೊಡಬೇಕೆಂಬ ಬೇಡಿಕೆಯೂ ಅದರಿಂದ ಬಂದಿತ್ತು. 1993ರಲ್ಲಿ ಖಾಸಗಿ ಸಂಸ್ಥೆಗೆ ಹಕ್ಕು ಮಾರಿದಾಗ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ವಾಯುತರಂಗಗಳು ಸಾರ್ವಜನಿಕ ಆಸ್ತಿ, ಅವು ಸರ್ಕಾರದ ಏಕಸ್ವಾಮ್ಯವಲ್ಲ ಎಂದು 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಲ್ಲಿಂದ ಮುಂದೆ ಪ್ರಸಾರ ಹಕ್ಕೇ ಕ್ರಿಕೆಟ್‌ನ ಪ್ರಧಾನ ಸರಕಾಯಿತು. 2006ರಲ್ಲಿ ನಿಂಬಸ್ ಸಂಸ್ಥೆ ನಾಲ್ಕು ವರ್ಷಗಳ ಹಕ್ಕಿಗೆ 61.2 ಕೋಟಿ ಡಾಲರ್ ಒಪ್ಪಿಕೊಂಡಿತು.

2008ರಲ್ಲಿ ಆರಂಭವಾದ ಐಪಿಎಲ್‌ನಲ್ಲಿ ತಂಡವೇ ಕೊಳ್ಳುವ ಆಸ್ತಿಯಾಯಿತು. ಎಂಟು ತಂಡಗಳ ಹರಾಜಿನಲ್ಲಿ ಬೆಂಗಳೂರು ತಂಡ ವಿಜಯ್ ಮಲ್ಯ ಅವರ ಸಮೂಹಕ್ಕೆ 11.16 ಕೋಟಿ ಡಾಲರ್‌ಗೆ ಸಿಕ್ಕಿತು. ಆಟಗಾರರ ಬೆಲೆಯೂ ಬಹಿರಂಗ ಹರಾಜಿನಲ್ಲಿ ನಿಗದಿಯಾಯಿತು. ಪ್ರಸಾರದ ಹಣದಲ್ಲಿ ಮಂಡಳಿ ತಂಡಗಳಿಗೆ ಪಾಲು ಕೊಡುತ್ತದೆ. ತವರಿನ ಟಿಕೆಟ್ ಮಾರಾಟ, ಜೆರ್ಸಿ ಜಾಹೀರಾತು, ಪ್ರಾಯೋಜಕರಿಂದ ಬರುವ ಆದಾಯವನ್ನು ತಂಡಗಳೇ ದುಡಿದುಕೊಳ್ಳುತ್ತವೆ. ಮೊದಲ ಪಂದ್ಯ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆಯಿತು.

ವಹಿವಾಟು ಬೆಳೆದ ವೇಗದಲ್ಲಿ ಆಡಳಿತ ಶಿಸ್ತು ಬೆಳೆಯಲಿಲ್ಲ. ಮಂಡಳಿಯ ಪದಾಧಿಕಾರಿಗಳೇ ತಂಡದ ಒಡೆತನ ಹೊಂದುವುದಕ್ಕೆ 2008ರಲ್ಲಿ ನಿಯಮ ತಿದ್ದಿ ದಾರಿ ಮಾಡಿಕೊಡಲಾಗಿತ್ತು. ನಿಯಮ ಮಾಡುವವರೂ ಲಾಭ ಪಡೆಯುವವರೂ ಒಬ್ಬರೇ ಆಗಬಹುದಾದ ಈ ಸ್ಥಿತಿ, 2013ರ ಸ್ಪಾಟ್ ಫಿಕ್ಸಿಂಗ್ ಪ್ರಕರಣದ ನಂತರ ತೀವ್ರ ಪ್ರಶ್ನೆಗೆ ಒಳಗಾಯಿತು. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿ, ಸುಧಾರಣೆ ಸೂಚಿಸಲು ನ್ಯಾಯಮೂರ್ತಿ ಲೋಧಾ ಸಮಿತಿ ನೇಮಿಸಿತು. ಸಚಿವರಿಗೆ ಪದವಿಯಿಲ್ಲ, 70 ವರ್ಷದ ವಯೋಮಿತಿ, ಅಧಿಕಾರಾವಧಿಗಳ ನಡುವೆ ಕಡ್ಡಾಯ ಬಿಡುವು, ಸಂಬಳದ ವೃತ್ತಿಪರರಿಂದ ದೈನಂದಿನ ಆಡಳಿತ: ಇವು ಸಮಿತಿಯ ಮುಖ್ಯ ಶಿಫಾರಸುಗಳು. 2016ರಲ್ಲಿ ಮಂಡಳಿಗೆ ಮೊದಲ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಬಂದರು. 2018ರಲ್ಲಿ ಹೊಸ ಸಂವಿಧಾನವನ್ನು ನ್ಯಾಯಾಲಯ ಅನುಮೋದಿಸಿತು. ಬಿಡುವಿನ ನಿಯಮವನ್ನು 2022ರಲ್ಲಿ ಸಡಿಲಿಸಲಾಯಿತು.

ಅದೇ ವರ್ಷ ಐಪಿಎಲ್‌ನ 2023–27ರ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. 2023ರಲ್ಲಿ ಮಹಿಳೆಯರ ಲೀಗ್‌ನ ಐದು ತಂಡಗಳಿಂದ ಸುಮಾರು 4,670 ಕೋಟಿ ರೂಪಾಯಿ ಬಂತು. ತಂಡಗಳನ್ನು ಕಂಪನಿಗಳು ನಡೆಸುತ್ತಿದ್ದರೂ ಮಂಡಳಿ ಮಾತ್ರ ರಾಜ್ಯ ಸಂಸ್ಥೆಗಳ ಮತದಿಂದ ಚುನಾಯಿತವಾಗುವ ಸಂಘವಾಗಿಯೇ ಉಳಿದಿದೆ. ಇಷ್ಟು ದೊಡ್ಡ ಸಂಪತ್ತು ಷೇರುದಾರರಿಲ್ಲದ ಸಂಸ್ಥೆಯ ಕೈಯಲ್ಲಿರುವುದರಿಂದ, ಅದು ಆಟದ ಒಳಿತಿಗೇ ಬಳಕೆಯಾಗುವಂತೆ ನೋಡಿಕೊಳ್ಳುವ ಹೊಣೆ ಲೆಕ್ಕಪತ್ರದ ಪಾರದರ್ಶಕತೆ ಮತ್ತು ಪದಾಧಿಕಾರಿಗಳ ಉತ್ತರದಾಯಿತ್ವದ ಮೇಲಿದೆ.